ಮದ್ರಾಸಿನಲ್ಲಿ ಹುಟ್ಟಿದ ಬೀಟಲ್ಸ್ ಡ್ರಮ್ಮರ್

ಬೀಟಲ್ಸ್ ಅಂದರೆ ನಾಲ್ವರು: ಜಾನ್, ಪಾಲ್, ಜಾರ್ಜ್, ರಿಂಗೋ. ಆದರೆ ರಿಂಗೋ ಬರುವ ಮುಂಚೆ ಎರಡು ವರ್ಷ ಡ್ರಮ್ಸ್ ಬಾರಿಸಿದವನು ಪೀಟ್ ಬೆಸ್ಟ್. ಹುಟ್ಟಿದ್ದು ಎಲ್ಲಿ ಗೊತ್ತಾ? ನಮ್ಮ ಪಕ್ಕದ ಮದ್ರಾಸಿನಲ್ಲಿ, 1941ರ ನವೆಂಬರ್ 24ರಂದು. 1945ರಲ್ಲಿ ಮನೆಯವರೆಲ್ಲ ಹಡಗು ಹತ್ತಿ ಲಿವರ್‌ಪೂಲ್ ಸೇರಿದರು.

ಪೀಟ್‌ನ ಅಮ್ಮ ಮೋನಾ ಗಟ್ಟಿಗಿತ್ತಿ. ಒಡವೆ ಅಡವಿಟ್ಟು 1954ರ ಡರ್ಬಿ ರೇಸಿನಲ್ಲಿ 'ನೆವರ್ ಸೇ ಡೈ' ಎಂಬ ಕುದುರೆಗೆ ದುಡ್ಡು ಕಟ್ಟಿದರಂತೆ. ಒಂದಕ್ಕೆ 33 ಕೊಟ್ಟ ಆ ಕುದುರೆಯ ಕಾಸಿನಲ್ಲೇ ದೊಡ್ಡ ಮನೆ ಕೊಂಡರು ಅನ್ನೋದು ಆ ಮನೆಯ ಕಥೆ. ಕುಣಿಗಲ್ ಕುದುರೆ ಫಾರಂ ನೋಡಿಕೊಂಡೇ ಬೆಳೆದ ಅಮೃತೂರಿನ ನನಗೆ ಪೀಟ್ ಮೇಲೆ ಅಕ್ಕರೆ ಹುಟ್ಟಿದ್ದೇ ಇಲ್ಲಿಂದ.

1959ರ ಆಗಸ್ಟ್ 29ರಂದು ಆ ಮನೆಯ ನೆಲಮಾಳಿಗೆಯಲ್ಲಿ ಮೋನಾ 'ಕಾಸ್‌ಬಾ ಕಾಫಿ ಕ್ಲಬ್' ತೆರೆದರು. ಮೊದಲ ರಾತ್ರಿ ಹಾಡಿದ್ದು ಜಾನ್, ಪಾಲ್, ಜಾರ್ಜ್ ಇದ್ದ 'ಕ್ವಾರಿಮೆನ್' ತಂಡ. ಡ್ರಮ್ಮರ್ ಇರಲೇ ಇಲ್ಲ! ಮರುವರ್ಷ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೆಲಸ ಸಿಕ್ಕಾಗ ಡ್ರಮ್ಮರ್ ಬೇಕೇ ಬೇಕಾಯಿತು, ಪೀಟ್ ಸೇರಿದ. ಬಾಸ್ ಗಿಟಾರಿಗೆ ಜಾನ್‌ನ ಗೆಳೆಯ ಸ್ಟುವರ್ಟ್ ಸಟ್‌ಕ್ಲಿಫ್. ಹೀಗೆ ಐವರು. ಟಾಕೀಸಿನ ಪರದೆಯ ಹಿಂದಿನ ಕೋಣೆಯಲ್ಲಿ ಮಲಗುವುದು, ರಾತ್ರಿಯೆಲ್ಲ ಗಂಟೆಗಟ್ಟಲೆ ಬಾರಿಸುವುದು. ತಂಡಕ್ಕೆ ಕಸುವು ಬಂದಿದ್ದೇ ಅಲ್ಲಿ. ಮುಂದೆ ಸ್ಟುವರ್ಟ್ ಚಿತ್ರಕಲೆಗೆಂದು ತಂಡ ಬಿಟ್ಟ.

1962ರ ಜೂನ್ 6ರಂದು ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ರೆಕಾರ್ಡಿಂಗ್. ನಿರ್ಮಾಪಕ ಜಾರ್ಜ್ ಮಾರ್ಟಿನ್‌ಗೆ ಪೀಟ್‌ನ ಕೈ ಹಿಡಿಸಲಿಲ್ಲ. ರೆಕಾರ್ಡಿಂಗಿಗೆ ಬೇರೆಯವರನ್ನು ಕರೆಸುತ್ತೇನೆ ಅಂದರು, ಅಷ್ಟೇ. ತಂಡದಿಂದಲೇ ತೆಗೆಯಿರಿ ಅನ್ನಲಿಲ್ಲ. ಆ ತೀರ್ಮಾನ ಗೆಳೆಯರದು. ಆಗಸ್ಟ್ 16ರಂದು ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೈನ್ ಪೀಟ್‌ನನ್ನು ಆಫೀಸಿಗೆ ಕರೆಸಿ ವಿಷಯ ಹೇಳಿದರು. ಎರಡು ವರ್ಷ ಒಟ್ಟಿಗೆ ಉಂಡು ಮಲಗಿದ್ದ ಮೂವರಲ್ಲಿ ಒಬ್ಬರೂ ಅಲ್ಲಿರಲಿಲ್ಲ.

ನನ್ನನ್ನು ಕಾಡುವುದು ಇದೇ. ಎರಡು ವರ್ಷ ದುಡಿದ ಪ್ರಾಜೆಕ್ಟ್ ಗೋ-ಲೈವ್ ಆಗಲು ಮೂರು ವಾರ ಇರುವಾಗ ನನ್ನನ್ನೂ ಹೀಗೇ ಬಿಡಿಸಿದ್ದರು. ಹದಿನೈದು ನಿಮಿಷದ ಕಾಲ್, ಅದರಲ್ಲಿ ಮ್ಯಾನೇಜರ್ ಮತ್ತು ಎಚ್‌ಆರ್ ಮಾತ್ರ. ದಿನಾ ಜೊತೆಗೆ ಟೀ ಕುಡಿಯುತ್ತಿದ್ದ ಟೀಮಿನವರಿಂದ ಆಮೇಲೊಂದು ಮೆಸೇಜೂ ಇಲ್ಲ. ಪ್ರಾಜೆಕ್ಟಿಗೆ ಬೇರೆ ಸ್ಕಿಲ್ ಬೇಕಿತ್ತಂತೆ, ಇರಬಹುದು. ಹೇಳಬೇಕಾದವರ ಬಾಯಿಂದ ಕೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಪೀಟ್ ಅಷ್ಟು ಕೆಟ್ಟ ಡ್ರಮ್ಮರ್ ಆಗಿದ್ದನಾ? ಅಭಿಮಾನಿಗಳು ಇವತ್ತಿಗೂ ಕಿತ್ತಾಡ್ತಾರೆ. ರಿಂಗೋ ಒಳ್ಳೆಯ ಆಯ್ಕೆ ಅನ್ನೋದರಲ್ಲಿ ನನಗಂತೂ ಅನುಮಾನವಿಲ್ಲ. ಆದರೆ ಒಂದು ತಮಾಷೆ ನೋಡಿ: ಸೆಪ್ಟೆಂಬರ್ 11ರ ರೆಕಾರ್ಡಿಂಗಿಗೆ ಆಂಡಿ ವೈಟ್ ಎಂಬ ಬೇರೊಬ್ಬ ಡ್ರಮ್ಮರನ್ನು ಕರೆಸಿದರು. ಅವತ್ತು 'ಲವ್ ಮಿ ಡೂ' ಹಾಡಿಗೆ ರಿಂಗೋ ಕೈಗೆ ಸಿಕ್ಕಿದ್ದು ಬರೀ ಟ್ಯಾಂಬರಿನ್! ಹಾಗಂತ ರಿಂಗೋನನ್ನು ಯಾರೂ ಮನೆಗೆ ಕಳಿಸಲಿಲ್ಲ.

ಪೀಟ್ ಬೇರೆ ತಂಡ ಕಟ್ಟಿದ, ಕೈಗೂಡಲಿಲ್ಲ. ಬೇಕರಿಯ ಬ್ರೆಡ್ ಲೋಡ್ ಮಾಡಿದ. ಆಮೇಲೆ ಸರ್ಕಾರಿ ಉದ್ಯೋಗ ಕೇಂದ್ರದಲ್ಲಿ ಸುಮಾರು 20 ವರ್ಷ ಇದ್ದ. ಕೆಲಸ ಕಳೆದುಕೊಂಡವರಿಗೆ ಕೆಲಸ ಹುಡುಕಿಕೊಡುವ ಕೆಲಸ!

1995ರಲ್ಲಿ ಬಂದ ಬೀಟಲ್ಸ್ 'ಆಂಥಾಲಜಿ 1' ಆಲ್ಬಮ್ಮಿನಲ್ಲಿ ಪೀಟ್ ನುಡಿಸಿದ ಹಾಡುಗಳಿದ್ದವು. ಅವನಿಗೆ ರಾಯಲ್ಟಿಯೂ ಬಂತು. ಅದರ ಮುಖಪುಟದಲ್ಲಿ ತಂಡದ ಹಳೇ ಫೋಟೋ ಇದೆ, ಪೀಟ್‌ನ ತಲೆ ಇದ್ದ ಕಡೆ ಹರಿದು ರಿಂಗೋ ಮುಖ ಕಾಣುವಂತೆ ಮಾಡಿದ್ದಾರೆ. 2008ರಲ್ಲಿ ಪೀಟ್ ತನ್ನ ತಂಡದ ಆಲ್ಬಮ್ ತಂದ. ಅಮ್ಮನ ಆ ಮನೆಯಿದ್ದ ಬೀದಿಯ ಹೆಸರನ್ನೇ ಇಟ್ಟ, 'ಹೇಮನ್ಸ್ ಗ್ರೀನ್' ಅಂತ. ಮುಖಪುಟಕ್ಕೆ ಹಾಕಿದ್ದು ಹರಿದುಹೋಗಿದ್ದ ಆ ಫೋಟೋ ಚೂರು.