ತಾಂಡಾದ ಮನೆ, ಮನೆಯ ನೆಲ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯಲ್ಲಿ ಸಂಚರಿಸುವವರಿಗೆ ಊರಿನಿಂದ ತುಸು ದೂರದಲ್ಲಿ, ದಿಬ್ಬದ ಮೇಲೋ ಅಡವಿಯ ಅಂಚಿನಲ್ಲೋ, ಮನೆಗಳ ಸಣ್ಣ ಗುಂಪೊಂದು ಕಣ್ಣಿಗೆ ಬೀಳುವುದುಂಟು. ಅದೇ ಲಂಬಾಣಿಗರ ತಾಂಡಾ. ಊರು ಸಮೀಪದಲ್ಲಿದ್ದರೂ ತಾಂಡಾದ ಚರಿತ್ರೆ ಬೇರೆ. ನಮ್ಮ ವಾಚಕರು ಅದನ್ನು ಅರಿತಿರಬೇಕೆಂದು ನಾವು ಬಯಸುವೆವು.

ಲಂಬಾಣಿಗರು ಪೂರ್ವದಲ್ಲಿ ಒಂದೆಡೆ ನೆಲೆ ನಿಂತವರಲ್ಲ. ಎತ್ತುಗಳ ಮೇಲೆ ಹೇರು ಹೇರಿ, ಕರಾವಳಿಯ ಉಪ್ಪನ್ನು ಒಳನಾಡಿಗೂ ಒಳನಾಡಿನ ದವಸವನ್ನು ಪೇಟೆಗಳಿಗೂ ಸಾಗಿಸುತ್ತಿದ್ದರು. ದಖ್ಖನಿಗೆ ಬಂದ ಮೊಗಲರ ದಂಡಿಗೂ ಇವರು ಧಾನ್ಯವನ್ನೊದಗಿಸಿದರು. 1871ರಲ್ಲಿ ಮುಂಬಯಿಯ ರೈಲುದಾರಿಯು ಶಹಾಬಾದ, ವಾಡಿಗಳನ್ನು ಹಾದು ರಾಯಚೂರನ್ನು ಮುಟ್ಟಿತು. 1874ರಲ್ಲಿ ವಾಡಿಯಿಂದ ಚಿತ್ತಾಪುರ, ಸೇಡಂಗಳ ಮಾರ್ಗವಾಗಿ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ನೂರಾರು ಎತ್ತುಗಳ ಹೇರನ್ನು ಒಂದೇ ರೈಲು ಎಳೆಯತೊಡಗಿದ ಮೇಲೆ ಹೇರೆತ್ತಿಗೆ ಕೆಲಸವೆಲ್ಲಿಯದು? ದಾರಿಯನ್ನೇ ನೆಚ್ಚಿ ಬಾಳಿದವರು ಕ್ರಮೇಣ ಬೇಸಾಯ, ಕೂಲಿ, ಕಲ್ಲುಗಣಿಗಳ ಕೆಲಸಕ್ಕಿಳಿದು ಊರ ಹೊರಗೆ ನೆಲೆಸಿದರು.

ಬದುಕು ಬದಲಾದರೂ ಕಟ್ಟು ಅಳಿಯಲಿಲ್ಲ. ತಾಂಡಾಕ್ಕೆ ನಾಯಕನುಂಟು, ಅವನ ನೆರವಿಗೆ ಕಾರಭಾರಿಯುಂಟು, ಸೇವಾಲಾಲರ ಗುಡಿಯುಂಟು. ತೀಜ್ ಹಬ್ಬದಲ್ಲಿ ಕನ್ನೆಯರು ಬುಟ್ಟಿಗಳಲ್ಲಿ ಗೋದಿಯ ಸಸಿಗಳನ್ನು ಬೆಳೆಸುವರು. ದೀಪಾವಳಿಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ ಶುಭವನ್ನು ಕೋರುವರು. ಅವರ ನುಡಿಗೆ ಸ್ವಂತ ಲಿಪಿಯಿಲ್ಲ. ಹಿರಿಯರ ಕಥೆಗಳು ಹಾಡುಗಳಲ್ಲಿ ಉಳಿದು ಬಂದಿರುವುವು.

ಆದರೆ ಒಂದು ಕೊರತೆ ಬಹುಕಾಲ ನೀಗಲಿಲ್ಲ. ಮನೆ ತಮ್ಮದು, ಅದರಡಿಯ ನೆಲ ತಮ್ಮದಲ್ಲ. ಎಷ್ಟೋ ತಾಂಡಾಗಳು ಸರಕಾರದ ಇಲ್ಲವೆ ಪರರ ಭೂಮಿಯಲ್ಲಿದ್ದು, ದಫ್ತರದಲ್ಲಿ ಪಕ್ಕದೂರಿನ ಹೆಸರಿನೊಳಗೇ ಅಡಗಿದ್ದವು. ಹಕ್ಕುಪತ್ರವಿಲ್ಲದ ಮನೆಯ ಮೇಲೆ ಸಾಲ ಹುಟ್ಟದು. ಮಕ್ಕಳ ಹೆಸರಿಗೆ ಬರೆದುಕೊಡಲೂ ಬಾರದು. ಕಡೆಗೆ ಸರಕಾರವು ಇಂತಹ ತಾಂಡಾಗಳನ್ನು ಕಂದಾಯ ಗ್ರಾಮಗಳೆಂದು ಸಾರಿತು. ಹಿಂದೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ, ಸೇಡಂ ತಾಲ್ಲೂಕಿನ ಮಳಖೇಡದಲ್ಲಿ 2023ರ ಜನವರಿ 19ರಂದು, ಐದು ಜಿಲ್ಲೆಗಳ ಸುಮಾರು 50,000 ಫಲಾನುಭವಿಗಳಿಗೆ ಹಕ್ಕುಪತ್ರ ನೀಡುವ ಸಮಾರಂಭವು ಜರುಗಿತು.

ಪತ್ರ ಬಂದ ಮಾತ್ರಕ್ಕೆ ಎಲ್ಲವೂ ಬಂದಂತಾಗದು. ಚಿಂಚೋಳಿಯ ತಾಂಡಾಗಳಿಂದ ಕೂಲಿಯನ್ನರಸಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ತೆರಳುವ ಕುಟುಂಬಗಳು ಇಂದಿಗೂ ಉಂಟು. ತಾಯಿತಂದೆಯರೊಡನೆ ಹೊರಟ ಕೂಸಿನ ಓದು ನಡುವೆಯೇ ನಿಲ್ಲುವುದು. ತನ್ನದೆಂಬ ನೆಲದ ಮೇಲಿನ ಮನೆಯಲ್ಲಿ ವರ್ಷವಿಡೀ ಒಲೆ ಉರಿಯುವಷ್ಟು ದುಡಿಮೆ ಅಲ್ಲಿಯೇ ದೊರೆತಂದು ಮಾತ್ರ ಈ ಜನರ ಅಲೆದಾಟವು ಮುಗಿಯಿತೆನ್ನಬಹುದು.