ಸ್ವಿಚ್ ಹಾಕಿದೊಡನೆ ಸಿದ್ಧವಾಗುತ್ತಿದ್ದ ಕಂಪ್ಯೂಟರ್

ಪ್ರೌಢಶಾಲೆಯ ಒಂದು ಅವಧಿ 40 ನಿಮಿಷ ಎಂದಿಟ್ಟುಕೊಳ್ಳೋಣ. ಪ್ರಯೋಗಾಲಯದ ಹಳೆಯ ಕಂಪ್ಯೂಟರ್ ಪಾಠಕ್ಕೆ ಸಿದ್ಧವಾಗಲು 4 ನಿಮಿಷ ಬೇಕು. ನಡುವೆ ಒಮ್ಮೆ ವಿದ್ಯುತ್ ಹೋಗಿ ಬಂದರೆ ಮತ್ತೆ 4 ನಿಮಿಷ. ಅವಧಿಯ ಐದನೇ ಒಂದು ಭಾಗ ಕಾಯುವುದರಲ್ಲೇ ಮುಗಿಯಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಶಿಕ್ಷಕರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ 1980ರ ದಶಕದಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದ ಒಂದು ಕಂಪ್ಯೂಟರ್ ಹೀಗೆ ಕಾಯಿಸುತ್ತಿರಲಿಲ್ಲ.

ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆ ಬೆಳೆಸಲು ಕೇಂದ್ರ ಸರ್ಕಾರ 1984ರಲ್ಲಿ ‘ಕ್ಲಾಸ್’ ಯೋಜನೆಯನ್ನು ಆರಂಭಿಸಿತು. ಮೊದಲ ಹಂತದಲ್ಲಿ ಸುಮಾರು 250 ಶಾಲೆಗಳಿಗೆ ದೊರೆತದ್ದು ‘ಬಿಬಿಸಿ ಮೈಕ್ರೊ’. ಬ್ರಿಟನ್ನಿನ ಏಕಾರ್ನ್ ಸಂಸ್ಥೆ ಇದನ್ನು 1981ರಲ್ಲಿ ಹೊರತಂದಿತ್ತು. ಸ್ವಿಚ್ ಹಾಕಿದರೆ ‘ಬೀ-ಬೀಪ್’ ಎಂಬ ಸದ್ದು. ಒಂದೆರಡು ಸೆಕೆಂಡುಗಳಲ್ಲಿ ಪರದೆಯ ಮೇಲೆ ಬೇಸಿಕ್ ಭಾಷೆ ಸಿದ್ಧ. ಇದು ಹೇಗೆ ಸಾಧ್ಯವಾಯಿತು?

ವಿಳಾಸಗಳ ಹಂಚಿಕೆ

ಇದರ 6502 ಸಂಸ್ಕಾರಕಕ್ಕೆ 16 ವಿಳಾಸ ತಂತಿಗಳಿವೆ. ಪ್ರತಿ ತಂತಿಯಲ್ಲಿ 0 ಅಥವಾ 1 ಇರಬಹುದಾದ್ದರಿಂದ 2ರ ಘಾತ 16, ಅಂದರೆ 65,536 ವಿಳಾಸಗಳನ್ನು ಅದು ಗುರುತಿಸಬಲ್ಲದು. ‘ಬಿ’ ಮಾದರಿಯಲ್ಲಿ ಇವುಗಳ ಮೊದಲರ್ಧ ರ‍್ಯಾಮ್, ಅಂದರೆ ಬರೆದು ಅಳಿಸಬಹುದಾದ ಸ್ಮೃತಿ. ಉಳಿದರ್ಧ ರೋಮ್, ಅಂದರೆ ಓದಲು ಮಾತ್ರ ಬರುವ ಸ್ಮೃತಿ. ಈ ಅರ್ಧದ ಮೊದಲ 16,384 ವಿಳಾಸಗಳಲ್ಲಿ ಬೇಸಿಕ್ ಭಾಷೆ; ಕೊನೆಯ 16,384ರಲ್ಲಿ, ಸಾಧನಗಳಿಗೆ ಬಿಟ್ಟ ಸ್ವಲ್ಪ ಜಾಗ ಕಳೆದು, ಕಾರ್ಯಾಚರಣ ವ್ಯವಸ್ಥೆ.

ವಿದ್ಯುತ್ ಬಂದ ಕೂಡಲೇ 6502 ಸಂಸ್ಕಾರಕ 65,532 ಮತ್ತು 65,533ನೇ ವಿಳಾಸಗಳ ಎರಡು ಬೈಟ್‌ಗಳನ್ನು ಓದುತ್ತದೆ. ಮೊದಲ ಆದೇಶ ಎಲ್ಲಿದೆ ಎಂಬುದನ್ನು ಅವು ತಿಳಿಸುತ್ತವೆ. ಆ ವಿಳಾಸಗಳೂ ರೋಮ್‌ನಲ್ಲೇ ಇವೆ. ಹೀಗಾಗಿ ಬೇರೆಲ್ಲಿಂದಲೂ ಏನನ್ನೂ ತರಬೇಕಾಗಿಲ್ಲ. ಕೆಲಸ ನೇರವಾಗಿ ಆರಂಭ.

ಈ ಯಂತ್ರದ ರ‍್ಯಾಮ್‌ನಲ್ಲಿ ಪ್ರತಿ ಬಿಟ್ ಕೂಡ ಅತಿ ಚಿಕ್ಕ ಧಾರಕದಲ್ಲಿರುವ ವಿದ್ಯುದಂಶ. ಅದು ಸೋರುತ್ತಲೇ ಇರುವುದರಿಂದ ಮತ್ತೆ ಮತ್ತೆ ತುಂಬಬೇಕು. ವಿದ್ಯುತ್ ನಿಂತರೆ ಮಾಹಿತಿ ಮಾಯ. ರೋಮ್‌ನಲ್ಲಿ 0 ಮತ್ತು 1 ಬಿಲ್ಲೆಯ ರಚನೆಯಲ್ಲೇ ಅಚ್ಚಾಗಿರುತ್ತವೆ. ವಿದ್ಯುತ್ ಹೋದರೂ ಅವು ಅಳಿಯವು.

ಎಷ್ಟು ಉಳಿತಾಯ?

ಬಿಬಿಸಿ ಮೈಕ್ರೊ ತನ್ನ ಪ್ರೋಗ್ರಾಂಗಳನ್ನು ಸಾಮಾನ್ಯ ಕ್ಯಾಸೆಟ್‌ನಲ್ಲಿ ಉಳಿಸಬಲ್ಲದಾಗಿತ್ತು. ಇದರ ವೇಗ ಸೆಕೆಂಡಿಗೆ 1,200 ಬಿಟ್. ಆರಂಭ ಮತ್ತು ಅಂತ್ಯದ ಗುರುತು ಸೇರಿ ಪ್ರತಿ ಬೈಟ್‌ಗೆ 10 ಬಿಟ್ ಬೇಕಾದ್ದರಿಂದ ಸೆಕೆಂಡಿಗೆ 120 ಬೈಟ್. ಎರಡೂ ರೋಮ್‌ಗಳಲ್ಲಿದ್ದ 32,768 ಬೈಟ್‌ಗಳನ್ನು ಕ್ಯಾಸೆಟ್‌ನಿಂದ ತರಬೇಕಾಗಿದ್ದರೆ ಕನಿಷ್ಠ 273 ಸೆಕೆಂಡು, ಅಂದರೆ ನಾಲ್ಕೂವರೆ ನಿಮಿಷ ಹಿಡಿಯುತ್ತಿತ್ತು!

ಈಚಿನ ಕಂಪ್ಯೂಟರ್‌ಗಳಲ್ಲೂ ಒಂದು ಸಣ್ಣ ಆರಂಭಿಕ ಪ್ರೋಗ್ರಾಂ ಅಳಿಯದ ಸ್ಮೃತಿಯಲ್ಲೇ ಇರುತ್ತದೆ. ಅದು ಬಿಡಿಭಾಗಗಳನ್ನು ಪರೀಕ್ಷಿಸಿ, ಡಿಸ್ಕ್‌ನಲ್ಲಿರುವ ದೊಡ್ಡ ಕಾರ್ಯಾಚರಣ ವ್ಯವಸ್ಥೆಯನ್ನು ರ‍್ಯಾಮ್‌ಗೆ ತರುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್‌ನಲ್ಲಿ ಬೇಕಾದ ಜಾಗ ಎದುರಿಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 4.2 ಮಿಲಿಸೆಕೆಂಡು ಕಾಯಬೇಕು. 2 ಮೆಗಾಹರ್ಟ್ಸ್‌ನ ಬಿಬಿಸಿ ಮೈಕ್ರೊ ಕೂಡ ಅಷ್ಟರಲ್ಲಿ 8,000ಕ್ಕೂ ಹೆಚ್ಚು ಗಡಿಯಾರ ಮಿಡಿತಗಳನ್ನು ಮುಗಿಸುತ್ತಿತ್ತು. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿ ಈ ಕಾಯುವಿಕೆಯನ್ನು ಬಹಳಷ್ಟು ತಗ್ಗಿಸಿದೆ.

ವೇಗದ ಬೆಲೆ

ಈ ವೇಗ ಪುಕ್ಕಟೆಯಾಗಿ ಬಂದದ್ದಲ್ಲ. ರೋಮ್‌ನಲ್ಲಿ ದೋಷವಿದ್ದರೆ ಬಿಲ್ಲೆಯನ್ನೇ ಬದಲಿಸಬೇಕಿತ್ತು. ವಿದ್ಯುತ್ ಹೋದರೆ ಯಂತ್ರ ಕ್ಷಣದಲ್ಲಿ ಮರಳುತ್ತಿತ್ತು. ವಿದ್ಯಾರ್ಥಿ ಬರೆದು ಉಳಿಸದಿದ್ದ ಪ್ರೋಗ್ರಾಂ ಮರಳುತ್ತಿರಲಿಲ್ಲ. ಅಂತರಜಾಲ, ಕನ್ನಡ ಲಿಪಿ, ಹೊಸ ಹೊಸ ಸಾಧನಗಳು ಬೇಕೆಂದರೆ ಬದಲಿಸಬಹುದಾದ ದೊಡ್ಡ ವ್ಯವಸ್ಥೆಯೇ ಬೇಕು. ಹೊಂದಿಕೊಳ್ಳುವ ಗುಣ ಹೆಚ್ಚಿದಂತೆ ಆರಂಭದ ಕೆಲಸವೂ ಹೆಚ್ಚುತ್ತದೆ.

ತರಗತಿಯಲ್ಲಿ ಹೀಗೆ ಮಾಡಿ ನೋಡಿ: ಕ್ಯಾಲ್ಕುಲೇಟರ್, ಮೊಬೈಲ್, ಕಂಪ್ಯೂಟರ್ ಇವು ಸಿದ್ಧವಾಗಲು ಹಿಡಿಯುವ ಕಾಲವನ್ನು ಅಳೆದು ಪಟ್ಟಿ ಮಾಡಿಸಿ. ಪ್ರತಿಯೊಂದರ ಪ್ರೋಗ್ರಾಂ ಎಲ್ಲಿದೆ? ಎಷ್ಟು ದೊಡ್ಡದು? ಅದನ್ನು ಬದಲಿಸಬಹುದೇ? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಕಾಲದ ವ್ಯತ್ಯಾಸಕ್ಕೆ ಕಾರಣ ವಿದ್ಯಾರ್ಥಿಗಳಿಗೇ ಹೊಳೆಯುತ್ತದೆ.