ಡೊಳ್ಳು ಹಿಡಿದ ಕೈಗೆ ಕ್ಲಾರಿನೆಟ್

‘ಮಗ ಮಿಲಿಟರಿಯಲ್ಲಿದಾನೆ’ ಎಂದು ಅಪ್ಪ ಚಂದ್ರಗುತ್ತಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಾರೆ. ಅಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ ಮಾತು ಬದಲಿಸುತ್ತಾರೆ. ನಾನು ಸೇನೆಯ ಬ್ಯಾಂಡಿಗೆ ಆಯ್ಕೆಯಾಗಿ ಕ್ಲಾರಿನೆಟ್ ಕಲಿಯುತ್ತಿದ್ದೇನೆ ಎಂದು ಗೊತ್ತಾದ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಓಲಗ ಊದೋಕೆ ಅಷ್ಟು ದೂರ ಹೋಗ್ಬೇಕಿತ್ತೇನೋ ತಮ್ಮ?’

ಆ ‘ಅಷ್ಟು ದೂರ’ ಎಂದರೆ ಮಧ್ಯಪ್ರದೇಶದ ಪಚ್‌ಮಢಿ. ಪಿಪರಿಯಾ ಸ್ಟೇಷನ್ನಿನಲ್ಲಿ ಇಳಿದು ಸುಮಾರು 50 ಕಿ.ಮೀ. ಸಾತ್ಪುರ ಬೆಟ್ಟದ ದಾರಿ ಹತ್ತಬೇಕು. ಸೇನೆಯ ಸಂಗೀತ ಶಾಲೆ ಇಲ್ಲಿ ಶುರುವಾಗಿದ್ದು 1950ರಲ್ಲಿ. ಆಗ ಸೇನೆಯ ಮುಖ್ಯಸ್ಥರಾಗಿದ್ದ, ಈ ಶಾಲೆಗೆ ಒತ್ತಾಸೆಯಾಗಿ ನಿಂತ ಕೆ.ಎಂ. ಕಾರ್ಯಪ್ಪ ನಮ್ಮ ಕೊಡಗಿನವರು. ಈಗ ಅದರ ಹೆಸರು ಮಿಲಿಟರಿ ಮ್ಯೂಸಿಕ್ ವಿಂಗ್. ಇಲ್ಲಿ ನಾನು ಕಳೆದ ಒಂದು ವಾರದ ಕಥೆ ಇದು.

ಸೋಮವಾರ. ಬೆಳಗಿನ ಓಟ, ಕಸರತ್ತು ಎಲ್ಲ ಸಿಪಾಯಿಗಳಿಗೆ ಇರುವಂತೆ ನಮಗೂ ಇದೆ. ಲಂಗರ್‌ನಲ್ಲಿ ಪೂರಿ, ಚಹಾ ಮುಗಿಸಿ ವಾದ್ಯ ಹಿಡಿದರೆ ಮೊದಲು ಒಂದೊಂದೇ ಸ್ವರವನ್ನು ಉಸಿರು ಮುಗಿಯುವವರೆಗೆ ಎಳೆಯಬೇಕು. ಹಾಡೂ ಇಲ್ಲ, ತಾಳವೂ ಇಲ್ಲ. ಹೊಟ್ಟೆಯಿಂದ ಉಸಿರು ಬರುವುದಕ್ಕೆ, ತುಟಿ ಗಟ್ಟಿಯಾಗುವುದಕ್ಕೆ ಬೇರೆ ದಾರಿಯಿಲ್ಲ ಎನ್ನುತ್ತಾರೆ ಉಸ್ತಾದರು. ನನ್ನ ಕೆಳತುಟಿಯ ಒಳಗೆ ಹಲ್ಲಿನ ಗುರುತು ಕಾಯಂ ಆಗಿಬಿಟ್ಟಿದೆ.

ಮಂಗಳವಾರ ನೊಟೇಶನ್ ಪಾಠ. ಊರಿನಲ್ಲಿ ಡೊಳ್ಳು ಕಲಿತದ್ದು ಅಜ್ಜನ ಬಾಯಿಂದ ಕೇಳಿ, ಅಪ್ಪನ ಕೈ ನೋಡಿ. ಇಲ್ಲಿ ಐದು ಗೆರೆಗಳ ಮೇಲೆ ಬರೆದದ್ದನ್ನು ಓದಿಕೊಂಡೇ ಊದಬೇಕು. ಅದರಲ್ಲೂ ಒಂದು ತಿರುವು ಇದೆ. ನನ್ನ ಕಾಗದದಲ್ಲಿ ‘ಸಿ’ ಎಂದಿರುವುದನ್ನು ಕ್ಲಾರಿನೆಟ್ಟಿನಲ್ಲಿ ಊದಿದರೆ ಹೊರಡುವುದು ಪಿಯಾನೋದ ‘ಬಿ ಫ್ಲಾಟ್’. ಹಾಗಾಗಿ ಪಕ್ಕದ ಕೊಳಲಿನವನ ಕಾಗದವೇ ಬೇರೆ, ನನ್ನದೇ ಬೇರೆ. ಹೊರಗೆ ಕೇಳಿಸುವುದು ಮಾತ್ರ ಒಂದೇ ಸ್ವರ. ಇದು ತಲೆಗೆ ಹತ್ತುವುದಕ್ಕೆ ನನಗೆ ಒಂದು ತಿಂಗಳು ಬೇಕಾಯಿತು.

ಬುಧವಾರ ಮೈದಾನದಲ್ಲಿ ವಾದ್ಯದ ಜೊತೆ ಕವಾಯತು. ನಿಮಿಷಕ್ಕೆ 120 ಹೆಜ್ಜೆ, ಒಂದೊಂದು ಹೆಜ್ಜೆ 30 ಇಂಚು. ದೊಡ್ಡ ಡ್ರಮ್ಮಿನ ಪೆಟ್ಟು ಎಡಗಾಲಿಗೇ ಬೀಳಬೇಕು. ಕಾಲು ಕುಕ್ಕಿ ನಡೆದರೆ ಕ್ಲಾರಿನೆಟ್ಟಿನ ತುದಿ ಹಲ್ಲಿಗೆ ಬಡಿಯುತ್ತದೆ. ಇಡೀ ವಾರದಲ್ಲಿ ನಾನು ಶಹಬ್ಬಾಸ್ ಅನ್ನಿಸಿಕೊಳ್ಳುವುದು ಇದೊಂದರಲ್ಲೇ. ಡೊಳ್ಳು ಬಡಿಯುತ್ತಲೇ ಕುಣಿದ ಕಾಲಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಗುರುವಾರ ಬಂದರೆ ಎದೆ ಡವಡವ. ಕ್ಲಾರಿನೆಟ್ಟಿನಲ್ಲಿ ‘ಎ’ ಸ್ವರಕ್ಕೆ ಒಂದೇ ಬೆರಳು ಸಾಕು. ಅದರ ಮೇಲಿನ ‘ಬಿ’ಗೆ ಹೋಗಬೇಕಾದರೆ ಹೆಚ್ಚುಕಡಿಮೆ ಎಲ್ಲ ಬೆರಳೂ ಒಟ್ಟಿಗೇ ಕೂರಬೇಕು. ಒಂದು ಬೆರಳು ಚೂರು ತಡವಾದರೂ ವಾದ್ಯ ಬಾತುಕೋಳಿಯಂತೆ ಕಿರುಚುತ್ತದೆ. ಶನಿವಾರದ ಪರೀಕ್ಷೆಗೆ ಕೊಟ್ಟ ಮಾರ್ಚಿನಲ್ಲಿ ಈ ದಾಟು ಆರು ಸಲ ಬರುತ್ತದೆ. ರಾತ್ರಿ ದೀಪ ಆರಿಸಿದ ಮೇಲೂ ಕಂಬಳಿಯೊಳಗೆ ಪೆನ್ನು ಹಿಡಿದು ಬೆರಳು ಆಡಿಸುತ್ತಿದ್ದೆ.

ಶುಕ್ರವಾರ ಸ್ಟ್ರೆಚರ್. ಯುದ್ಧ ಬಂದರೆ ಬ್ಯಾಂಡಿನವರು ವಾದ್ಯ ಕೆಳಗಿಟ್ಟು ಗಾಯಾಳುಗಳನ್ನು ಹೊರುತ್ತಾರೆ. ಇದು ಹಳೆಯ ಪದ್ಧತಿ. ರಕ್ತ ನಿಲ್ಲಿಸುವುದು, ಮುರಿದ ಕಾಲಿಗೆ ಪಟ್ಟಿ ಕಟ್ಟುವುದು ಕಲಿತ ಮೇಲೆ ನಾಲ್ವರು ಸೇರಿ ಗೆಳೆಯನೊಬ್ಬನನ್ನು ಹೊತ್ತು ನಡೆದೆವು. ನಾವು ಅಭ್ಯಾಸಬಲದಿಂದ ಎಡ, ಬಲ ಎಂದು ಕೂಡಿ ಹೆಜ್ಜೆ ಹಾಕುತ್ತಿದ್ದಂತೆಯೇ ‘ನಿಲ್ಲಿ!’ ಎಂಬ ಕೂಗು ಬಂತು. ಹೊರುವವರ ಹೆಜ್ಜೆ ಒಂದೇ ಆದರೆ ಸ್ಟ್ರೆಚರ್ ತೊಟ್ಟಿಲಿನಂತೆ ತೂಗುತ್ತದೆ, ಗಾಯಾಳುವಿನ ನೋವು ಹೆಚ್ಚುತ್ತದೆ. ಅಲ್ಲಿ ಬೇಕೆಂದೇ ಹೆಜ್ಜೆ ತಪ್ಪಿಸಿ ನಡೆಯಬೇಕು. ಬುಧವಾರ ಕಲಿತದ್ದನ್ನು ಶುಕ್ರವಾರ ಮರೆಯುವುದು ಸುಲಭವಾಗಿರಲಿಲ್ಲ.

ಶನಿವಾರ ಪರೀಕ್ಷೆ. ಐದು ಸಲ ದಾಟಿದೆ. ಆರನೆಯದಕ್ಕೆ ಬಾತುಕೋಳಿ ಕಿರುಚಿತು. ಯಾರೂ ಬೈಯಲಿಲ್ಲ. ‘ಬೆರಳು ಬಹಳ ಮೇಲೆ ಎತ್ತುತ್ತೀಯ, ಅದಕ್ಕೇ ತಡ. ಮುಂದಿನ ಶನಿವಾರ ಮತ್ತೆ ಬಾ’ ಎಂದರು ಉಸ್ತಾದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. 2022ರಲ್ಲಿ ಬಂದ ಅಗ್ನಿಪಥ ಯೋಜನೆಯಲ್ಲಿ ಸೇರಿದ ನಮಗೆ ಇರುವುದು 4 ವರ್ಷ. ಆಮೇಲೆ ಕಾಯಂ ಆಗುವುದು ಹೆಚ್ಚೆಂದರೆ ಶೇ 25ರಷ್ಟು ಮಂದಿ. ಒಂದು ಸ್ವರ ಕಿರುಚಿದಾಗಲೂ ಆ ಲೆಕ್ಕ ನೆನಪಾಗುತ್ತದೆ. ಹಾಗೆಂದು ದಾರಿ ಅಲ್ಲಿಗೇ ಮುಗಿಯುವುದಿಲ್ಲ. ನಮ್ಮ ರಾಜ್ಯದ ಪೊಲೀಸ್ ಇಲಾಖೆಗೂ ಬ್ಯಾಂಡ್ ಇದೆ. ಮೈಸೂರು ಅರಮನೆಯ ಬ್ಯಾಂಡಿನ ಪರಂಪರೆಯನ್ನು ಮುಂದುವರಿಸಿರುವುದು ಅದೇ.

ಇದನ್ನು ಓದುವ ನಿಮ್ಮಲ್ಲಿ ವಾದ್ಯ ನುಡಿಸುವವರಿದ್ದರೆ ಒಂದು ಮಾತು. ವಾಯುಪಡೆ ಮತ್ತು ನೌಕಾಪಡೆ ಅಗ್ನಿವೀರ್ ಸಂಗೀತಗಾರರ ಹುದ್ದೆಗೆ ಪ್ರತ್ಯೇಕ ಅಧಿಸೂಚನೆ ಹೊರಡಿಸುತ್ತವೆ. ಹತ್ತನೇ ತರಗತಿ ಪಾಸಾಗಿರಬೇಕು, ವಾದ್ಯ ನುಡಿಸಿ ತೋರಿಸಬೇಕು, ಶ್ರುತಿ ತಾಳ ಗಟ್ಟಿಯಿರಬೇಕು. ವಾಯುಪಡೆಯ ಸಂಗೀತಗಾರರ ರ‍್ಯಾಲಿ 2024ರಲ್ಲಿ ನಡೆದದ್ದು ಕಾನ್ಪುರದಲ್ಲಿ ಮತ್ತು ನಮ್ಮ ಬೆಂಗಳೂರಿನಲ್ಲಿ. ಸುದ್ದಿ ಗೊತ್ತಿಲ್ಲದೆ ಅವಕಾಶ ಕಳೆದುಕೊಳ್ಳುವವರೇ ನಮ್ಮ ಕಡೆ ಹೆಚ್ಚು. ದೈಹಿಕ ಪರೀಕ್ಷೆಯೂ ಇರುತ್ತದೆ, ಓಡುವುದನ್ನು ಇಂದೇ ಶುರು ಮಾಡಿ.

ಭಾನುವಾರ ಬಟ್ಟೆ ಒಗೆದು, ಬೂಟಿಗೆ ಪಾಲಿಶ್ ಹಾಕಿ ಮನೆಗೆ ಫೋನ್ ಮಾಡಿದೆ. ಅವ್ವ ಗುತ್ಯಮ್ಮನ ಜಾತ್ರೆಗೆ ರಜೆ ಸಿಗುತ್ತದಾ ಎಂದು ಕೇಳಿ ಫೋನನ್ನು ಅಪ್ಪನ ಕೈಗೆ ಕೊಟ್ಟಳು. ನಾನು ಸ್ಟ್ರೆಚರ್ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅದನ್ನ ಮೊದಲೇ ಹೇಳೋದಲ್ವೇನೋ’ ಎಂದರು. ದನಿಯಲ್ಲಿ ಹೆಮ್ಮೆ ಇತ್ತು. ನನಗೆ ಖುಷಿಯ ಜೊತೆ ಚೂರು ಬೇಸರವೂ ಆಯಿತು. ಸ್ಟ್ರೆಚರಿಗೆ ಸಿಕ್ಕ ಮರ್ಯಾದೆ ನನ್ನ ಕ್ಲಾರಿನೆಟ್ಟಿಗೆ ಇನ್ನೂ ಸಿಕ್ಕಿರಲಿಲ್ಲ. ಶನಿವಾರ ತಪ್ಪಿದ್ದನ್ನೂ ಹೇಳಿ, ಆ ಮಾರ್ಚನ್ನು ಬಾಯಲ್ಲೇ ಗುನುಗಿದೆ.

ಅವರು ಕೊನೆಯವರೆಗೂ ಕೇಳಿದರು.

‘ಪೆಟ್ಟು ಯಾವ ಕಾಲಿಗೆ ಬೀಳ್ತದೆ?’

‘ಎಡಗಾಲಿಗೆ ಅಪ್ಪಾ.’

‘ಹ್ಞೂಂ. ಇನ್ನೊಂದ್ಸಲ ಹೇಳು ನೋಡಣ’ ಎಂದರು ಅಪ್ಪ. ಆ ಕಡೆಯಿಂದ ಹಲಗೆಯ ಮೇಲೆ ಬೆರಳು ಬಡಿಯುವ ಸದ್ದು ಕೇಳಿಸಿತು.